ಮಿಡಿಯ ವಾರವೂ ನಿಲ್ಲದ ಪ್ರಚಾರ

ನಮ್ಮ ಶಿವಮೊಗ್ಗ ಜಿಲ್ಲೆಯ ಸಣ್ಣ ಉದ್ದಿಮೆಗಳ ಪ್ರಚಾರವನ್ನು ಒಂದು ವರ್ಷ ಗಮನವಿಟ್ಟು ನೋಡಿದವರಿಗೆ ಅದರ ಏರಿಳಿತ ತಾನಾಗಿಯೇ ಕಾಣುತ್ತದೆ. ದೀಪಾವಳಿಗೆ ಎರಡು ವಾರ ಇರುವಾಗ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ದಿನಕ್ಕೆ ನಾಲ್ಕು ಪೋಸ್ಟರ್, ಫೇಸ್‌ಬುಕ್‌ನಲ್ಲಿ ರಿಯಾಯಿತಿಯ ಪ್ರಕಟಣೆ, ಬಸ್ ನಿಲ್ದಾಣದ ಹತ್ತಿರ ಒಂದು ಫ್ಲೆಕ್ಸ್. ಹಬ್ಬ ಮುಗಿದ ಮೇಲೆ ಸಂಕ್ರಾಂತಿಯವರೆಗೆ, ಕೆಲವರದು ಯುಗಾದಿಯವರೆಗೆ, ಮಾತೇ ಇಲ್ಲ. ಹಪ್ಪಳ, ಉಪ್ಪಿನಕಾಯಿ, ಜೇನು, ದ್ರವರೂಪದ ಜೋನಿ ಬೆಲ್ಲ ಮಾರುವವರಿಂದ ಹಿಡಿದು ಹೋಂಸ್ಟೇ ನಡೆಸುವವರವರೆಗೆ ಇದು ಹೆಚ್ಚುಕಡಿಮೆ ಒಂದೇ ರೀತಿ. ಕೇಳಿದರೆ ಬರುವ ಉತ್ತರಗಳೂ ಒಂದೇ ರೀತಿ: ಸಮಯ ಸಿಗಲಿಲ್ಲ, ಏನು ಹಾಕಬೇಕೆಂದು ತೋಚಲಿಲ್ಲ, ಹಾಕಿದರೂ ಯಾರೂ ನೋಡುವುದಿಲ್ಲ. ಇದನ್ನು ಸೋಮಾರಿತನವೆಂದೋ ಕಲ್ಪನೆಯ ಕೊರತೆಯೆಂದೋ ತಿಳಿದು ಬುದ್ಧಿ ಹೇಳುವವರಿದ್ದಾರೆ. ನಸುಕಿನಲ್ಲೇ ಎದ್ದು ಕೊಟ್ಟಿಗೆ, ಅಡುಗೆ, ತೋಟದ ಆಳುಗಳ ಊಟತಿಂಡಿ ಎಲ್ಲವನ್ನೂ ಮುಗಿಸಿ, ಆಮೇಲೆ ಉದ್ದಿಮೆಯನ್ನೂ ನಡೆಸುವ ಹೆಂಗಸಿಗೆ ಸೋಮಾರಿತನದ ಮಾತು ಹೇಳುವುದು ಅನ್ಯಾಯ. ತಪ್ಪಿರುವುದು ಕೆಲಸದ ಹೊರೆಯ ಹಂಚಿಕೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಹೊರೆಯ ಹಂಚಿಕೆಯ ಬಗ್ಗೆ ಕಾರ್ಖಾನೆಗಳು ಕಲಿತಿರುವುದು ಬಹಳವಿದೆ; ಅದರಲ್ಲಿ ಮನೆಯ ಉದ್ದಿಮೆಗೆ ಹೊಂದುವಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಎರಕದ ಕಾರ್ಖಾನೆಯಲ್ಲಿ ನಾನು ಬಹುಕಾಲ ಉತ್ಪಾದನಾ ಯೋಜನೆಯ ವಿಭಾಗದಲ್ಲಿದ್ದೆ. ವಾಹನ ತಯಾರಿಸುವ ಕಂಪನಿಗಳಿಗೆ ಬಿಡಿಭಾಗ ಒದಗಿಸುವ ಫೌಂಡ್ರಿಗೆ, ವ್ಯರ್ಥವನ್ನು ಕಳೆದು ಕೆಲಸವನ್ನು ಹಗುರ ಮಾಡುವ ಲೀನ್ ಪದ್ಧತಿ ಬೇಕೋ ಬೇಡವೋ ಎಂಬ ಆಯ್ಕೆ ಇರುವುದಿಲ್ಲ. ಕೊಳ್ಳುವವರೇ ಬಂದು ಕಲಿಸಿ, ಪರೀಕ್ಷಿಸಿ ಹೋಗುತ್ತಾರೆ. ಕೆಲಸ ಬಿಟ್ಟ ಮೇಲೆ, ಸಾಗರ ತಾಲ್ಲೂಕಿನ ನಮ್ಮ ಊರಮನೆಯಲ್ಲಿ ಅತ್ತಿಗೆಯವರು ನಡೆಸುವ ಗೃಹೋದ್ಯಮಕ್ಕೆ ಪ್ರಚಾರದ ಒಂದು ವ್ಯವಸ್ಥೆ ರೂಪಿಸಿಕೊಡುವ ಹೊಣೆ ನನ್ನ ಪಾಲಿಗೆ ಬಂತು. ಎಳೆ ಮಾವಿನಕಾಯಿಯ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ, ಮುರುಗಲು (ಕೋಕಂ) ಹುಳಿ ಅಲ್ಲಿ ತಯಾರಾಗುತ್ತವೆ. ನಾನಿರುವುದು ಶಿವಮೊಗ್ಗದಲ್ಲಿ. ಆದ್ದರಿಂದ ದಿನದಿನದ ಕೆಲಸವನ್ನು ಅತ್ತಿಗೆಯವರು ಮತ್ತು ಅವರ ಸೊಸೆಯೇ ಮಾಡಬೇಕು. ನಾನು ಮಾಡಬಹುದಾದದ್ದು ಆ ಕೆಲಸ ಅವರ ಕೈಗೆ ಹಗುರವಾಗುವಂತೆ ನೋಡಿಕೊಳ್ಳುವುದು.

ಲೀನ್ ಪದ್ಧತಿಯ ಮೂಲವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಜಪಾನಿನ ಸಾಕಿಚಿ ಟೊಯೊಡ 1924ರಲ್ಲಿ ಸಿದ್ಧಪಡಿಸಿದ ಮಗ್ಗ ನೂಲು ತುಂಡಾದೊಡನೆ ತಾನಾಗಿಯೇ ನಿಲ್ಲುತ್ತಿತ್ತು. ಅವರ ಮಗ ಕಿಇಚಿರೊ ಕಟ್ಟಿದ ಟೊಯೊಟಾ ಮೋಟಾರ್ ಕಂಪನಿಯಲ್ಲಿ ತಾಯಿಚಿ ಓನೊ ಎಂಬ ಎಂಜಿನಿಯರ್, ಬಂಡವಾಳದ ತೀವ್ರ ಕೊರತೆಯಿದ್ದ ಯುದ್ಧೋತ್ತರ ವರ್ಷಗಳಲ್ಲಿ, ಬೇಕಾದದ್ದನ್ನು ಬೇಕಾದಾಗ ಬೇಕಾದಷ್ಟೇ ತಯಾರಿಸುವ ಪದ್ಧತಿಯನ್ನು ಹಂತಹಂತವಾಗಿ ಬೆಳೆಸಿದರು. 1956ರಲ್ಲಿ ಅಮೆರಿಕಕ್ಕೆ ಹೋದಾಗ, ಗಿರಾಕಿ ಎತ್ತಿಕೊಂಡಷ್ಟನ್ನು ಮಾತ್ರ ಮತ್ತೆ ತುಂಬುವ ಅಲ್ಲಿನ ಸೂಪರ್ ಮಾರ್ಕೆಟ್ಟುಗಳ ಕ್ರಮ ಅವರ ಗಮನ ಸೆಳೆಯಿತು. ಈ ಪದ್ಧತಿಗೆ ಲೀನ್ ಎಂಬ ಹೆಸರು ಬಂದದ್ದು ಬಹಳ ತಡವಾಗಿ, 1988ರಲ್ಲಿ ಜಾನ್ ಕ್ರಾಫ್ಸಿಕ್ ಬರೆದ ಒಂದು ಲೇಖನದಿಂದ. 1997ರಲ್ಲಿ ಬಿಡದಿಗೆ ಟೊಯೊಟಾ ಬಂದ ಮೇಲೆ ಕರ್ನಾಟಕದ ಬಿಡಿಭಾಗ ತಯಾರಕರಿಗೂ ಈ ಮಾತುಗಳು ಪರಿಚಿತವಾದವು. ಓನೊ ಅವರು ಪಟ್ಟಿ ಮಾಡಿದ ಏಳು ಬಗೆಯ ವ್ಯರ್ಥಗಳು ಎಲ್ಲರಿಗೂ ಗೊತ್ತು: ಬೇಕಾದ್ದಕ್ಕಿಂತ ಹೆಚ್ಚು ತಯಾರಿಕೆ, ಕಾಯುವಿಕೆ, ಅನವಶ್ಯಕ ಸಾಗಣೆ, ಅತಿಯಾದ ಸಂಸ್ಕರಣೆ, ದಾಸ್ತಾನು, ವ್ಯರ್ಥ ಓಡಾಟ, ದೋಷ. ಆದರೆ ಟೊಯೊಟಾದವರು ಇದರ ಜೊತೆಗೇ ಹೇಳುವ ಇನ್ನೆರಡು ಕೇಡುಗಳನ್ನು, ಅಂದರೆ ಕೆಲಸದ ಏರುಪೇರು ಮತ್ತು ಮನುಷ್ಯನ ಮೇಲಾಗಲಿ ಯಂತ್ರದ ಮೇಲಾಗಲಿ ಬೀಳುವ ಮಿತಿಮೀರಿದ ಹೊರೆಯನ್ನು, ಹೆಚ್ಚಿನವರು ಮರೆತುಬಿಡುತ್ತಾರೆ. ಸಣ್ಣ ಉದ್ದಿಮೆಯ ಪ್ರಚಾರ ನಿಂತು ನಿಂತು ನಡೆಯುವುದಕ್ಕೆ ಕಾರಣ ಇರುವುದು ಈ ಎರಡರಲ್ಲೇ.

ಮಲೆನಾಡಿನ ಮನೆ ಉದ್ದಿಮೆಯ ವರ್ಷ ಹೇಗೆ ಸಾಗುತ್ತದೆಂದು ನೋಡಿ. ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ಆಲೆಮನೆ ಶುರು. ಜೋನಿ ಬೆಲ್ಲ ಡಬ್ಬಿಗೆ ತುಂಬುವ ಕೆಲಸ. ಆಲೆಮನೆಯ ಬೆಂಕಿ ಆರುವ ಮೊದಲೇ ಅಪ್ಪೆಮಿಡಿ ಬರುತ್ತದೆ. ಮಿಡಿಯನ್ನು ತೊಟ್ಟು ಮುರಿಯದಂತೆ, ನೆಲಕ್ಕೆ ಬೀಳದಂತೆ ಇಳಿಸಿ ತಂದ ದಿನವೇ ತೊಳೆದು, ಒರೆಸಿ, ಪದರ ಪದರವಾಗಿ ಉಪ್ಪಿಗೆ ಹಾಕಿಬಿಡಬೇಕು. ನಾಳೆಗೆ ಬಿಟ್ಟರೆ ಮಿಡಿ ಮೆತ್ತಗಾಗುತ್ತದೆ. ಅದು ಮುಗಿಯಿತೆನ್ನುವಾಗ ಹಲಸು ಬಲಿಯುತ್ತದೆ, ಮುರುಗಲು ಹಣ್ಣಾಗುತ್ತದೆ, ಮತ್ತು ಮಳೆ ಹಿಡಿಯುವ ಮೊದಲು ಹಪ್ಪಳ ಒಣಗಿರಬೇಕು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅಂಗಳದಲ್ಲಿ ಏನನ್ನೂ ಒಣಗಿಸುವಂತಿಲ್ಲ; ತಯಾರಿಕೆ ಬಹುಮಟ್ಟಿಗೆ ನಿಲ್ಲುತ್ತದೆ, ಆದರೆ ಬೆಂಗಳೂರಿನವರಿಗೆ ಹಪ್ಪಳ ನೆನಪಾಗುವುದು ಆಗಲೇ. ಅದಾದ ಮೇಲೆ ದಸರಾ, ಭೂಮಿ ಹುಣ್ಣಿಮೆ, ನಾವು ದೊಡ್ಡಹಬ್ಬ ಎನ್ನುವ ದೀಪಾವಳಿ.

ಹೀಗೆ ತಯಾರಿಕೆಯ ಕೆಲಸ ಕುತ್ತಿಗೆಗೆ ಬರುವುದು ಫೆಬ್ರವರಿಯಿಂದ ಮೇವರೆಗೆ, ಮಾರಾಟದ ಕಾಲ ಜೂನಿನಿಂದ ನವೆಂಬರ್‌ವರೆಗೆ. ಪ್ರಚಾರಕ್ಕೆಂದು ಬೇರೆ ಮನುಷ್ಯರಿರುವ ಕಂಪನಿಗೆ ಇದೊಂದು ಸಮಸ್ಯೆಯಲ್ಲ. ಇಲ್ಲಿ ಮಿಡಿ ಒರೆಸುವ ಕೈಗಳೇ ಪ್ರಚಾರವನ್ನೂ ಮಾಡಬೇಕು. ಅತ್ತಿಗೆಯವರ ಮಾತಿನಲ್ಲೇ ಹೇಳುವುದಾದರೆ, “ಮಿಡಿ ಬಂತು ಅಂದ್ರೆ ಕೈಯೆಲ್ಲ ಸೊನೆ, ಉಪ್ಪು, ಫೋನ್ ಮುಟ್ಟೋದು ಹೇಗೆ ಮಾರಾಯ?” ಈ ಪ್ರಶ್ನೆಗೆ ಉತ್ತರ ಕೊಡದ ಯಾವ ಪ್ರಚಾರ ಯೋಜನೆಯೂ ನಮ್ಮ ಕಡೆ ನಡೆಯುವುದಿಲ್ಲ. ಶಿವಮೊಗ್ಗದಲ್ಲಿ ಡಿಜಿಟಲ್ ಮಾರ್ಕೆಟಿಂಗ್ ತರಬೇತಿ ಕೊಡುವ ಹಲವರು ದಿನಕ್ಕೊಂದು ಪೋಸ್ಟ್, ವಾರಕ್ಕೆ ಮೂರು ರೀಲ್ಸ್ ಎಂದು ವೇಳಾಪಟ್ಟಿ ಕೊಟ್ಟು ಕಳಿಸುತ್ತಾರೆ. ಬಿಡುವಿರುವ ವಾರವನ್ನು ಮನಸ್ಸಿನಲ್ಲಿಟ್ಟು ಮಾಡಿದ ವೇಳಾಪಟ್ಟಿ ಅದು. ಬಿಡುವಿಲ್ಲದ ಮೊದಲ ವಾರದಲ್ಲೇ ತಪ್ಪುತ್ತದೆ. ಒಮ್ಮೆ ತಪ್ಪಿದ ಮೇಲೆ ಬಾಕಿ ಬೆಳೆಯುತ್ತದೆ, ಬಾಕಿ ಬೆಳೆದಂತೆ ಅದರ ಕಡೆ ನೋಡುವುದಕ್ಕೇ ಮನಸ್ಸು ಹಿಂಜರಿಯುತ್ತದೆ, ಕೊನೆಗೆ ಹಬ್ಬದ ಹೊತ್ತಿಗೆ ಎಲ್ಲವನ್ನೂ ಒಟ್ಟಿಗೆ ಸುರಿಯುವ ಸ್ಥಿತಿ ಬರುತ್ತದೆ.

ಅದಕ್ಕೇ ನಾನು ಮೊದಲು ಇಟ್ಟ ನಿಯಮ ಒಂದೇ. ವರ್ಷದ ಅತಿ ಕಷ್ಟದ ವಾರ ಯಾವುದು ಎಂದು ಗುರುತಿಸಬೇಕು, ಆ ವಾರದಲ್ಲೂ ಮಾಡಲು ಸಾಧ್ಯವಾಗುವಷ್ಟು ಕೆಲಸವನ್ನು ಮಾತ್ರ ಇಡೀ ವರ್ಷದ ಕ್ರಮವೆಂದು ಇಟ್ಟುಕೊಳ್ಳಬೇಕು. ನಮ್ಮ ಮನೆಯಲ್ಲಿ ಅದು ಮಿಡಿಯ ವಾರ. ಆ ವಾರ ಪ್ರಚಾರಕ್ಕೆ ಸಿಗುವ ಸಮಯ ಹೆಚ್ಚೆಂದರೆ ಅರ್ಧ ಗಂಟೆ, ಅದೂ ರಾತ್ರಿ ಊಟವಾದ ಮೇಲೆ. ಆದ್ದರಿಂದ ನಿಗದಿಯಾದದ್ದು ಇಷ್ಟು: ಮಂಗಳವಾರ ಸಂಜೆ ಗ್ರಾಹಕರ ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ (ಒಂದೇ ಸಂದೇಶ ಹಲವರಿಗೆ ಬೇರೆ ಬೇರೆಯಾಗಿ ಹೋಗುವ ಪಟ್ಟಿ) ಒಂದು ಚಿತ್ರ ಮತ್ತು ನಾಲ್ಕು ಸಾಲಿನ ಸಂದೇಶ; ಅದೇ ಚಿತ್ರ ಸ್ಟೇಟಸ್‌ಗೂ ಗೂಗಲ್‌ನಲ್ಲಿರುವ ನಮ್ಮ ಪುಟಕ್ಕೂ; ಬಂದ ಪ್ರಶ್ನೆಗಳಿಗೆ ದಿನಕ್ಕೊಮ್ಮೆ ನಿಗದಿತ ಹೊತ್ತಿನಲ್ಲಿ ಉತ್ತರ. ಬಿಡುವಿರುವ ಮಳೆಗಾಲದಲ್ಲಿ ಹೆಚ್ಚು ಮಾಡಬಹುದಲ್ಲ ಎಂದು ಸೊಸೆ ಕೇಳಿದ್ದಳು. ಬೇಡವೆಂದೆ. ಮಳೆಗಾಲದ ಬಿಡುವನ್ನು ಮುಂದಿನ ತಿಂಗಳುಗಳ ತಯಾರಿಗೆ ಬಳಸಬೇಕೇ ಹೊರತು, ಆ ಕಾಲಕ್ಕೆ ಮಾತ್ರ ಸಂದೇಶಗಳ ಸಂಖ್ಯೆ ಏರಿಸಿದರೆ ಅದೇ ಏರುಪೇರು ಮತ್ತೆ ಬರುತ್ತದೆ. ಟೊಯೊಟಾದಲ್ಲಿ ಇದಕ್ಕೆ ಹೈಜುಂಕ ಎನ್ನುತ್ತಾರೆ: ಬೇಡಿಕೆ ಕುಣಿದಂತೆಲ್ಲ ಕಾರ್ಖಾನೆಯನ್ನು ಕುಣಿಸದೆ, ಒಟ್ಟು ಕೆಲಸವನ್ನು ದಿನಗಳಿಗೆ ಸಮನಾಗಿ ಹಂಚುವ ಕ್ರಮ.

ಬ್ರಾಡ್‌ಕಾಸ್ಟ್ ಪಟ್ಟಿಯ ಬಗ್ಗೆ ಒಂದು ವಿಷಯ ತಿಳಿದಿರಬೇಕು. ನಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಕಳಿಸುವವರಿಗೆ ಎಲ್ಲವೂ ಹೋದಂತೆ ಕಾಣುತ್ತದೆ, ಎಷ್ಟೋ ಜನರಿಗೆ ಸಿಕ್ಕೇ ಇರುವುದಿಲ್ಲ. ಪ್ರತಿ ಪಾರ್ಸೆಲ್‌ನೊಳಗೆ, ಸಂಖ್ಯೆಯನ್ನು ಉಳಿಸಿಕೊಳ್ಳಿ ಎಂದು ಕೇಳುವ ಸಣ್ಣ ಚೀಟಿಯೊಂದನ್ನು ಹಾಕುವುದು ಎಷ್ಟೋ ಪೋಸ್ಟರ್‌ಗಳಿಗಿಂತ ಉಪಯುಕ್ತ.

ಇನ್ನು ಏನು ಬರೆಯಬೇಕು ಎಂಬ ಪ್ರಶ್ನೆ. ಲೀನ್ ಚಿಂತನೆಯನ್ನು 1996ರಲ್ಲಿ ಐದು ತತ್ವಗಳಾಗಿ ಕ್ರೋಡೀಕರಿಸಿದ ವೊಮ್ಯಾಕ್ ಮತ್ತು ಜೋನ್ಸ್, ಮೊದಲನೆಯದಾಗಿ ಇಟ್ಟದ್ದು ಮೌಲ್ಯವನ್ನು, ಅದೂ ಗ್ರಾಹಕನ ಕಣ್ಣಿನಿಂದ ನೋಡಿದ ಮೌಲ್ಯವನ್ನು; ನಾಲ್ಕನೆಯದಾಗಿ ಇಟ್ಟದ್ದು, ಗ್ರಾಹಕ ಎಳೆದಾಗ ಮಾತ್ರ ಕೆಲಸ ಹೊರಡಬೇಕೆಂಬುದನ್ನು. ಇವೆರಡನ್ನು ಪ್ರಚಾರಕ್ಕೆ ಅನ್ವಯಿಸಿದರೆ, ವಿಷಯಕ್ಕಾಗಿ ತಲೆ ಕೆರೆದುಕೊಳ್ಳುವ ಅಗತ್ಯವೇ ಬೀಳುವುದಿಲ್ಲ, ಏಕೆಂದರೆ ಗ್ರಾಹಕರು ಕೇಳುವ ಪ್ರಶ್ನೆಗಳೇ ನಮ್ಮ ವಿಷಯಗಳು. ಎಣ್ಣೆ ಹಾಕದ ಮಿಡಿ ಉಪ್ಪಿನಕಾಯಿ ಎಷ್ಟು ಕಾಲ ಇರುತ್ತದೆ? ಫ್ರಿಜ್ಜಿನಲ್ಲಿ ಇಡಬೇಕೇ? ಜೀರಿಗೆ ಮಿಡಿಗೂ ಬೇರೆ ಮಿಡಿಗೂ ವಾಸನೆಯಲ್ಲಿ ಏನು ವ್ಯತ್ಯಾಸ? ಹಪ್ಪಳ ಕರಿದಾಗ ಕೆಂಪಗಾಗುವುದೇಕೆ?

ಇವುಗಳಲ್ಲಿ ಜೋನಿ ಬೆಲ್ಲದ ಪ್ರಶ್ನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಡಬ್ಬಿಯಲ್ಲಿ ಕೆಲವು ತಿಂಗಳು ಇದ್ದ ಜೋನಿ ಬೆಲ್ಲದ ತಳದಲ್ಲಿ ಹರಳು ಕಟ್ಟುತ್ತದೆ. ಮಲೆನಾಡಿನಲ್ಲಿ ಬೆಳೆದವರಿಗೆ ಇದು ಗೊತ್ತಿರುವ ಸಂಗತಿ. ಮಕ್ಕಳು ತಳದ ಹರಳಿಗೇ ಕೈ ಹಾಕುತ್ತಾರೆ. ಊರಾಚೆಯ ಗ್ರಾಹಕರು ಮಾತ್ರ ಚಮಚಕ್ಕೆ ಹರಳು ತಾಗಿದೊಡನೆ ಸಕ್ಕರೆ ಬೆರೆಸಿದ್ದೀರೆಂದು ಅನುಮಾನಿಸುತ್ತಾರೆ. ಕಬ್ಬಿನ ಹಾಲನ್ನು ಕಾಯಿಸಿ ಗಟ್ಟಿ ಮಾಡಿದಾಗ ಅದರಲ್ಲಿರುವ ಸಕ್ಕರೆಯ ಅಂಶ ದ್ರವ ಹಿಡಿದಿಡಬಲ್ಲದ್ದಕ್ಕಿಂತ ಹೆಚ್ಚಿರುತ್ತದೆ, ಆ ಹೆಚ್ಚಿನದು ಕಾಲಕ್ರಮದಲ್ಲಿ ಹರಳಾಗಿ ಕೆಳಗಿಳಿಯುತ್ತದೆ. ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕರಗುತ್ತದೆ. ಆದರೆ ನೀರು ತಾಗಿದ ಚಮಚ ಹಾಕಿದರೆ ಹುಳಿ ಬರುತ್ತದೆ. ಈ ವಿವರಣೆಯನ್ನು ತಳದ ಹರಳಿನ ಒಂದು ಸ್ಪಷ್ಟ ಚಿತ್ರದೊಂದಿಗೆ ಕಳಿಸಿದಾಗ ಅನುಮಾನದ ಕರೆಗಳು ಕಡಿಮೆಯಾದವು, ಅದನ್ನು ಗ್ರಾಹಕರು ತಮ್ಮವರಿಗೆಲ್ಲ ಮುಂದೆ ಕಳಿಸಿದರು, ಹೊಸ ವಿಚಾರಣೆಗಳೂ ಬಂದವು. ಬಂದ ಪ್ರಶ್ನೆಗಳನ್ನು ಬರೆದಿಡಲು ಆರ್ಡರ್ ಪುಸ್ತಕದ ಕೊನೆಯ ಪುಟಗಳನ್ನು ಬಿಟ್ಟಿದ್ದೇವೆ. ಎರಡು ಸಲ ಬಂದ ಪ್ರಶ್ನೆ ಮುಂದಿನ ಮಂಗಳವಾರದ ವಿಷಯವಾಗುತ್ತದೆ.

ಹಬ್ಬಹಬ್ಬಕ್ಕೆ ಶುಭಾಶಯದ ಪೋಸ್ಟರ್ ಹಾಕುವುದನ್ನು ನಾವು ಪೂರ್ತಿ ಕೈಬಿಟ್ಟೆವು. ಇದರ ಬಗ್ಗೆ ಮನೆಯಲ್ಲಿ ಚರ್ಚೆಯಾಯಿತು, ಹಾಕದಿದ್ದರೆ ಗ್ರಾಹಕರು ಬೇಸರಿಸಿಕೊಳ್ಳುತ್ತಾರೆಂಬ ಅಳುಕೂ ಇತ್ತು. ಆದರೆ ಒಂದೇ ದಿನ ಒಂದೇ ಬಗೆಯ ಇಪ್ಪತ್ತು ಪೋಸ್ಟರ್ ಪಡೆಯುವವನಿಗೆ ಇಪ್ಪತ್ತೊಂದನೆಯದರಿಂದ ಯಾವ ಪ್ರಯೋಜನವೂ ಇಲ್ಲ. ಓನೊ ಅವರು ಏಳು ವ್ಯರ್ಥಗಳಲ್ಲಿ ಅತಿ ಕೆಟ್ಟದ್ದೆಂದು ಎಣಿಸುತ್ತಿದ್ದ ಅತಿ ತಯಾರಿಕೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಪ್ರಚಾರದ ಕ್ಷೇತ್ರದಲ್ಲಿ ನನಗೆ ಸಿಕ್ಕಿಲ್ಲ.

ಚಿತ್ರ ತೆಗೆಯುವ ಕೆಲಸ ಕೇಳಲು ಸಣ್ಣದಾದರೂ ಅತಿ ಹೆಚ್ಚು ತಡೆಯಾಗುತ್ತಿದ್ದದ್ದು ಅಲ್ಲಿಯೇ. ಕ್ಲಿಕ್ಕಿಸುವುದಕ್ಕೆ ಒಂದು ನಿಮಿಷ ಸಾಕು. ಬಿಳಿ ಬಟ್ಟೆ ಹುಡುಕಿ, ಮೇಜು ಖಾಲಿ ಮಾಡಿ, ಬಾಟಲಿ ಒರೆಸಿ, ಬೆಳಕು ಬರುವ ಕಡೆ ಎಲ್ಲವನ್ನೂ ಸಾಗಿಸುವುದಕ್ಕೆ ಮುಕ್ಕಾಲು ಗಂಟೆ. ಕಾರ್ಖಾನೆಯಲ್ಲಿ ಇದನ್ನು ಸೆಟಪ್ ಸಮಯ ಎನ್ನುತ್ತೇವೆ. ಟೊಯೊಟಾದ ಸಾವಿರ ಟನ್ನಿನ ಪ್ರೆಸ್ಸಿನಲ್ಲಿ ಅಚ್ಚು ಬದಲಿಸಲು ನಾಲ್ಕು ಗಂಟೆ ಹಿಡಿಯುತ್ತಿದ್ದದ್ದನ್ನು ಎಂಜಿನಿಯರ್ ಶಿಗೆಯೊ ಶಿಂಗೊ ಮೊದಲು ಒಂದೂವರೆ ಗಂಟೆಗೆ, ಆಮೇಲೆ ಮೂರು ನಿಮಿಷಕ್ಕೆ ಇಳಿಸಿದರು. ಯಂತ್ರ ನಿಂತಾಗ ಮಾಡಲೇಬೇಕಾದ ಕೆಲಸ ಯಾವುದು, ಯಂತ್ರ ಓಡುತ್ತಿರುವಾಗಲೇ ಮಾಡಿಡಬಹುದಾದದ್ದು ಯಾವುದು ಎಂದು ಬೇರ್ಪಡಿಸಿದ್ದೇ ಅದರ ಗುಟ್ಟು. ನಮ್ಮ ಮನೆಯ ಜಗಲಿಯ ಉತ್ತರದ ಕಿಟಕಿಯ ಬಳಿ ಹಳೆಯ ಹಲಸಿನ ಹಲಗೆಯೊಂದನ್ನು ಗೋಡೆಗೆ ಕೂರಿಸಿದ್ದೇವೆ. ಹಿಂದೆ ಬಿಳಿ ಬಟ್ಟೆ ಸದಾ ಕಟ್ಟಿರುತ್ತದೆ, ಫೋನ್ ನಿಲ್ಲಿಸುವ ಜಾಗಕ್ಕೆ ಗುರುತು ಹಾಕಿದೆ, ಪಕ್ಕದ ಗೂಡಿನಲ್ಲಿ ಪ್ರತಿ ಪದಾರ್ಥದ ಒಂದು ಚೊಕ್ಕ ಬಾಟಲಿ ಚಿತ್ರಕ್ಕೆಂದೇ ಇರುತ್ತದೆ. ಉತ್ತರದ ಕಿಟಕಿಯಲ್ಲಿ ವರ್ಷದ ಹೆಚ್ಚಿನ ಕಾಲ ನೇರ ಬಿಸಿಲು ಅಷ್ಟಾಗಿ ಬೀಳದೆ ಬೆಳಕು ಮೃದುವಾಗಿರುತ್ತದೆ. ಆಷಾಢದ ಮೋಡದಲ್ಲೂ ನಡುಹಗಲಿನಲ್ಲಿ ಚಿತ್ರಕ್ಕೆ ಸಾಕಾಗುತ್ತದೆ. ಈಗ ದಾರಿಯಲ್ಲಿ ಹೋಗುವಾಗ ನಿಂತು ಒಂದು ಚಿತ್ರ ತೆಗೆದು ಮುಂದೆ ಹೋಗಬಹುದು. ಇಡೀ ವ್ಯವಸ್ಥೆಯಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಈ ಹಲಗೆಯೇ.

ದಾಸ್ತಾನಿನ ವಿಚಾರದಲ್ಲಿ ಎಚ್ಚರ ಬೇಕು. ಮಿಡಿಯ ವಾರಕ್ಕೆಂದು ಮೊದಲೇ ಪೋಸ್ಟರ್‌ಗಳನ್ನು ಮಾಡಿಟ್ಟುಕೊಂಡರೆ ಆಯಿತಲ್ಲ ಎಂದು ಹಲವರು ಸೂಚಿಸುತ್ತಾರೆ. ಬೆಲೆ, ತೂಕ, ಇಂಥ ದಿನದವರೆಗೆ ಎಂಬ ವಿವರಗಳಿರುವ ಸಿದ್ಧ ಪೋಸ್ಟರ್ ಬಹಳ ಬೇಗ ಕೆಡುವ ಸರಕು. ಮೆಣಸಿನಕಾಯಿಯ ದರವೋ ಕೊರಿಯರ್ ದರವೋ ಏರಿದ ದಿನ ಅದು ನಿರುಪಯೋಗ. ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ಬೆಲ್ಲ ಇಳಿಸುವ ಚಿತ್ರ, ಚಾಪೆಯ ಮೇಲೆ ಒಣಗುತ್ತಿರುವ ಹಪ್ಪಳದ ಚಿತ್ರ, ಉಪ್ಪಿನಲ್ಲಿ ಚಿರುಟಿದ ಮಿಡಿಯ ಚಿತ್ರ ಕೆಡುವುದಿಲ್ಲ. ಆದ್ದರಿಂದ ನಾವು ಬರಹವಿಲ್ಲದ ಬರಿಯ ಚಿತ್ರಗಳನ್ನು ತಯಾರಿಕೆಯ ಕಾಲದಲ್ಲೇ ಕೂಡಿಟ್ಟುಕೊಂಡು, ಮಾತುಗಳನ್ನು ಕಳಿಸುವ ದಿನವೇ ಬರೆಯುತ್ತೇವೆ. ಮಳೆಗಾಲದಲ್ಲಿ ಹಪ್ಪಳದ ಬಗ್ಗೆ ಹೇಳಲು ಮೇ ತಿಂಗಳಿನ ಅಂಗಳದ ಚಿತ್ರ ಇರುತ್ತದೆ. ದರ ಆ ವಾರದ್ದಿರುತ್ತದೆ.

ಅರ್ಧ ಮಾಡಿ ಬಿಟ್ಟ ಕೆಲಸಗಳು ಇನ್ನೊಂದು ಬಗೆಯ ದಾಸ್ತಾನು, ಮತ್ತು ಹೆಚ್ಚು ಅಪಾಯದ್ದು. 1961ರಲ್ಲಿ ಜಾನ್ ಲಿಟ್ಲ್ ಸಾಧಿಸಿ ತೋರಿಸಿದ ಒಂದು ಸರಳ ಸಂಬಂಧವಿದೆ: ಒಂದು ವ್ಯವಸ್ಥೆಯೊಳಗಿರುವ ಕೆಲಸಗಳ ಸರಾಸರಿ ಸಂಖ್ಯೆ, ಅವು ಬರುವ ವೇಗ ಮತ್ತು ಪ್ರತಿಯೊಂದೂ ಒಳಗೆ ಕಳೆಯುವ ಸಮಯ ಇವುಗಳ ಗುಣಲಬ್ಧಕ್ಕೆ ಸಮ. ವಾರಕ್ಕೊಂದು ಸಂದೇಶ ಹೊರಹೋಗುವ ಕಡೆ ಹನ್ನೆರಡು ಸಂದೇಶಗಳು ಅರ್ಧಕ್ಕೆ ನಿಂತಿದ್ದರೆ, ಸರಾಸರಿಯಲ್ಲಿ ಪ್ರತಿಯೊಂದೂ ಹನ್ನೆರಡು ವಾರ ಒಳಗೇ ಉಳಿಯುತ್ತದೆ. ಫೆಬ್ರವರಿಯಲ್ಲಿ ಶುರು ಮಾಡಿದ ಆಲೆಮನೆಯ ವಿಡಿಯೊ ಹೊರಬರುವುದು ಮೇ ತಿಂಗಳಿನಲ್ಲಿ. ಆದ್ದರಿಂದ ಉಗ್ರಾಣದ ಬಾಗಿಲ ಪಕ್ಕದ ಕಪ್ಪು ಹಲಗೆಯಲ್ಲಿ ಮಾಡಬೇಕಾದ್ದು, ಮಾಡುತ್ತಿರುವುದು, ಮುಗಿದದ್ದು ಎಂದು ಮೂರು ಕಂಬ ಎಳೆದು, ನಡುವಿನ ಕಂಬದಲ್ಲಿ ಎರಡಕ್ಕಿಂತ ಹೆಚ್ಚು ಇರಬಾರದೆಂದು ಕಟ್ಟು ಮಾಡಿದೆವು. ಮೂರನೆಯದು ಎಷ್ಟೇ ಚೆನ್ನಾಗಿದ್ದರೂ ಮೊದಲ ಕಂಬದಲ್ಲೇ ಕಾಯಬೇಕು. ಇದಕ್ಕೆ ಆ್ಯಪ್‌ಗಳಿವೆ, ಆದರೆ ಸೀಮೆಸುಣ್ಣದ ಹಲಗೆ ಉಗ್ರಾಣಕ್ಕೆ ಹೋಗಿಬರುವ ಎಲ್ಲರ ಕಣ್ಣಿಗೂ ಬೀಳುತ್ತದೆ, ಕರೆಂಟು ಹೋದಾಗಲೂ ಇರುತ್ತದೆ.

ಕಾಯುವಿಕೆಯ ವಿಷಯದಲ್ಲಿ ಹೊಸನಗರದ ಕಡೆ ಹೋಂಸ್ಟೇ ನಡೆಸುವ ಸ್ನೇಹಿತರೊಬ್ಬರ ಅನುಭವ ಹೆಚ್ಚು ಪಾಠ ಹೇಳುತ್ತದೆ. ಅವರ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಮನೆಯ ಹಿಂದಿನ ದರೆ (ಮಣ್ಣಿನ ದಿಬ್ಬ) ಹತ್ತಿದರೆ ಮಾತ್ರ. ಮಳೆಗಾಲದಲ್ಲಿ ಜೋಗ ನೋಡಲು ಬರುವವರ ವಿಚಾರಣೆಗಳು ಬಂದು ಬೀಳುತ್ತಿದ್ದವು, ಉತ್ತರ ಮರುದಿನ ಹೋಗುತ್ತಿತ್ತು, ಅಷ್ಟರಲ್ಲಿ ಕೇಳಿದವರು ಬೇರೆಡೆ ಕಾದಿರಿಸಿರುತ್ತಿದ್ದರು. ಅವರು ಜಾಹೀರಾತಿಗೆ ಇನ್ನಷ್ಟು ಹಣ ಹಾಕುವ ಯೋಚನೆಯಲ್ಲಿದ್ದರು. ವಿಚಾರಣೆಗಳನ್ನು ಹೆಚ್ಚಿಸುವುದರಿಂದ ಕಾಯುವವರ ಸಾಲು ಉದ್ದವಾಗುತ್ತದೆಯೇ ಹೊರತು ಕೋಣೆ ತುಂಬುವುದಿಲ್ಲ ಎಂದು ಹೇಳಿದೆ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ತಾನಾಗಿ ಹೋಗುವ ಉತ್ತರವನ್ನು ಬರೆದಿಡುವ ಸೌಲಭ್ಯವಿದೆ. ‘ಶೀಘ್ರದಲ್ಲೇ ಸಂಪರ್ಕಿಸುತ್ತೇವೆ’ ಎಂಬ ಪೊಳ್ಳು ಮಾತಿನ ಬದಲು, ಇಲ್ಲಿ ನೆಟ್‌ವರ್ಕ್ ಕಡಿಮೆ, ಮಧ್ಯಾಹ್ನ ಒಂದಕ್ಕೆ ಮತ್ತು ಸಂಜೆ ಏಳಕ್ಕೆ ತಪ್ಪದೆ ಉತ್ತರಿಸುತ್ತೇವೆ, ಕೋಣೆಯ ದರ ಮತ್ತು ಊಟದ ವಿವರ ಈ ಚಿತ್ರದಲ್ಲಿದೆ ಎಂದು ನಿಜವನ್ನೇ ಬರೆದರು. ಆ ಎರಡು ಹೊತ್ತಿಗೆ ದರೆ ಹತ್ತುವುದನ್ನು ತಪ್ಪಿಸಲಿಲ್ಲ. ಪ್ರಚಾರದ ನಿಯಮಿತತೆ ಅಂದರೆ ಪೋಸ್ಟ್ ಹಾಕುವುದಷ್ಟೇ ಎಂದು ತಿಳಿದವರಿಗೆ ನಾನು ಈ ಉದಾಹರಣೆಯನ್ನು ಹೇಳುತ್ತೇನೆ. ಹೇಳಿದ ಹೊತ್ತಿಗೆ ಬರುವ ಉತ್ತರ ಎಲ್ಲ ಪೋಸ್ಟ್‌ಗಳಿಗಿಂತ ಮೊದಲಿನದು.

ಸಾಕಿಚಿಯವರ ಮಗ್ಗದ ತತ್ವವನ್ನು ಪ್ರಚಾರಕ್ಕೆ ತರುವುದು ಅನೇಕರಿಗೆ ವಿಚಿತ್ರವೆನಿಸಬಹುದು, ಆದರೆ ನನಗೆ ಅದು ಅತ್ಯಂತ ಮುಖ್ಯ. ನೂಲು ತುಂಡಾದರೆ ಮಗ್ಗ ನಿಲ್ಲಬೇಕು; ದೂರು ಬಂದರೆ ಪ್ರಚಾರ ನಿಲ್ಲಬೇಕು. ಒಂದು ಮಳೆಗಾಲದಲ್ಲಿ ಉಪ್ಪಿನಕಾಯಿ ಬಾಟಲಿಗಳು ದಾರಿಯಲ್ಲಿ ಸೋರಿ, ರಟ್ಟಿನ ಪೆಟ್ಟಿಗೆ ಒದ್ದೆಯಾಗಿ ತಲುಪಿದ ದೂರುಗಳು ಬಂದವು. ಆ ವಾರ ಮಂಗಳವಾರದ ಸಂದೇಶದಲ್ಲಿ ಹೊಸ ಆರ್ಡರ್ ಕೇಳಲಿಲ್ಲ. ಸೋರಿಕೆ ಸರಿಪಡಿಸುತ್ತಿದ್ದೇವೆ, ಒದ್ದೆಯಾದವರು ಚಿತ್ರ ಕಳಿಸಿ, ಬದಲಿ ಬಾಟಲಿ ಕಳಿಸುತ್ತೇವೆ ಎಂದಷ್ಟೇ ಹೋಯಿತು. ಆಮೇಲೆ ಏಕೆ ಎಂದು ಕೇಳುತ್ತಾ ಹೋದೆವು. ಬಾಟಲಿ ಸೋರಿದ್ದು ಏಕೆ? ಬಾಯಿಯ ಸೀಲ್ ಹಿಡಿದಿರಲಿಲ್ಲ. ಹಿಡಿಯಲಿಲ್ಲ ಏಕೆ? ಬಾಟಲಿಯ ಬಾಯಂಚಿನಲ್ಲಿ ಉಪ್ಪಿನ ರಸ ಇತ್ತು. ರಸ ಅಲ್ಲಿಗೆ ಬಂದದ್ದು ಏಕೆ? ಸೌಟಿನಿಂದ ತುಂಬುವಾಗ ಚೆಲ್ಲುತ್ತದೆ. ಸೌಟೇ ಏಕೆ? ಇಡೀ ಮಿಡಿ ಇಳಿಯುವಷ್ಟು ಅಗಲದ ಆಲಿಕೆ ಮನೆಯಲ್ಲಿ ಇರಲಿಲ್ಲ. ಅಗಲ ಕೊಳವೆಯ ಸ್ಟೀಲ್ ಆಲಿಕೆಯೊಂದನ್ನು ಶಿವಮೊಗ್ಗದಲ್ಲಿ ಹೇಳಿ ಮಾಡಿಸಿದೆವು, ಸೀಲ್ ಒತ್ತುವ ಮೊದಲು ಅಂಚನ್ನು ಒಣ ಬಟ್ಟೆಯಿಂದ ಒರೆಸುವುದು ಕ್ರಮಕ್ಕೆ ಸೇರಿತು. ಕೊರಿಯರಿನವರನ್ನು ಬೈದು ಸುಮ್ಮನಾಗಿದ್ದರೆ ಅದೇ ಬಾಟಲಿಗಳಿಗೆ ಪ್ರಚಾರ ಮಾಡುತ್ತಾ ಇನ್ನಷ್ಟು ಜನರ ನಂಬಿಕೆ ಕಳೆದುಕೊಳ್ಳುತ್ತಿದ್ದೆವು.

ಅಳತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೈಕುಗಳನ್ನು ಎಣಿಸುವುದನ್ನು ಬಿಟ್ಟು, ಆರ್ಡರ್ ಪುಸ್ತಕದಲ್ಲಿ ‘ಹೇಗೆ ತಿಳಿಯಿತು’ ಎಂಬ ಒಂದು ಕಂಬ ಸೇರಿಸಿದ್ದೇವೆ. ಹೊಸಬರು ಕರೆ ಮಾಡಿದಾಗ ಅತ್ತಿಗೆಯವರು ಮಾತಿನ ನಡುವೆ ಸಹಜವಾಗಿ ಕೇಳಿ ಬರೆದುಕೊಳ್ಳುತ್ತಾರೆ. ಹೆಚ್ಚಿನ ಸಾಲುಗಳಲ್ಲಿ ಯಾರೋ ನೆಂಟರ, ಹಳೆಯ ಗ್ರಾಹಕರ ಹೆಸರಿರುತ್ತದೆ. ಫ್ಲೆಕ್ಸ್ ನೋಡಿ ಬಂದವರು ಆ ಕಂಬದಲ್ಲಿ ಕಾಣಿಸಲೇ ಇಲ್ಲ, ಆದ್ದರಿಂದ ಮುಂದಿನ ವರ್ಷದಿಂದ ಫ್ಲೆಕ್ಸಿನ ಹಣ ಹಳೆಯ ಗ್ರಾಹಕರ ಪಾರ್ಸೆಲ್‌ನಲ್ಲಿ ಹೋಗುವ ಹಪ್ಪಳದ ಸಣ್ಣ ಪೊಟ್ಟಣಕ್ಕೆ ವಿನಿಯೋಗವಾಯಿತು.

ಲೀನ್ ಎಂದರೆ ಆಳುಗಳನ್ನು ಕಡಿಮೆ ಮಾಡುವುದು ಎಂಬ ಕೆಟ್ಟ ಹೆಸರು ನಮ್ಮ ಕ್ಷೇತ್ರದಲ್ಲಿ ಬಂದುಬಿಟ್ಟಿದೆ, ಅದು ನನಗೆ ನೋವಿನ ಸಂಗತಿ. ಟೊಯೊಟಾ 2001ರಲ್ಲಿ ತನ್ನ ನಡವಳಿಕೆಯ ತತ್ವಗಳನ್ನು ಬರೆದಿಟ್ಟಾಗ ನಿರಂತರ ಸುಧಾರಣೆಯ ಜೊತೆಗೆ ಸಮಾನ ಸ್ಥಾನದಲ್ಲಿ ಇಟ್ಟದ್ದು ಜನರ ಮೇಲಿನ ಗೌರವವನ್ನು. ಹಪ್ಪಳದ ಕಾಲಕ್ಕೆ ನೆರೆಮನೆಯ ಹೆಂಗಸರು ಬರುತ್ತಾರೆ. ಅವರ ಕೆಲಸದ ಚಿತ್ರವನ್ನು ಅವರನ್ನು ಕೇಳಿ, ಅವರಿಗೆ ತೋರಿಸಿ, ಒಪ್ಪಿದರೆ ಮಾತ್ರ ಕಳಿಸುತ್ತೇವೆ. ಕೆಲವರು ಕೈಯಷ್ಟೇ ಕಾಣಲಿ ಎನ್ನುತ್ತಾರೆ, ಹಾಗೆಯೇ ತೆಗೆಯುತ್ತೇವೆ. ಪ್ರಚಾರದ ಕ್ರಮದಲ್ಲಿ ಏನನ್ನು ಬದಲಿಸಬೇಕೆಂದು ಅತ್ಯುತ್ತಮ ಸಲಹೆಗಳು ಬಂದಿರುವುದೂ ಅವರಿಂದಲೇ. ಒಣಗಿದ ಹಪ್ಪಳ ಮುರಿದಾಗ ಬರುವ ಶಬ್ದವನ್ನು ವಿಡಿಯೊದಲ್ಲಿ ಕೇಳಿಸಿ, ಹಾಡು ಹಾಕಬೇಡಿ ಎಂದವರು ಅವರಲ್ಲೊಬ್ಬರು.

ಈಗ ಕೈಗೆತ್ತಿಕೊಂಡಿರುವುದು ಶಿವಮೊಗ್ಗದ ಅಂಗಡಿಗಳ ಕಡೆಯ ಕೆಲಸ. ದುರ್ಗಿಗುಡಿ ಮತ್ತು ವಿನೋಬನಗರದ ಕೆಲವು ಅಂಗಡಿಗಳಲ್ಲಿ ನಮ್ಮ ಬಾಟಲಿಗಳಿವೆ, ಆದರೆ ಖಾಲಿಯಾದ ಸುದ್ದಿ ನಮಗೆ ತಲುಪುವುದು ವಾರ ಕಳೆದ ಮೇಲೆ. ಅಷ್ಟರಲ್ಲಿ ಮಂಗಳವಾರದ ಸಂದೇಶ ನೋಡಿ ಅಂಗಡಿಗೆ ಹೋದವರು ಬರಿಗೈಯಲ್ಲಿ ಮರಳಿರುತ್ತಾರೆ. ಕಾರ್ಖಾನೆಯಲ್ಲಿ, ಸರಕು ಮುಗಿಯುತ್ತಿದೆ, ಮತ್ತೆ ಕಳಿಸಿ ಎಂದು ತಿಳಿಸುವ ಕಾನ್ಬಾನ್ ಚೀಟಿ ಮಾಡುವ ಕೆಲಸವನ್ನೇ ಇಲ್ಲಿಯೂ ಮಾಡಿಸುತ್ತಿದ್ದೇವೆ. ಸಾಲಿನ ಕೊನೆಯ ಐದು ಬಾಟಲಿಗಳ ಮುಂದೆ ಹಳದಿ ರಟ್ಟಿನ ಚೀಟಿಯೊಂದನ್ನು ನಿಲ್ಲಿಸಿ, ‘ಈ ಚೀಟಿ ಕೈಗೆ ಬಂದಾಗ ಇದರ ಫೋಟೊ ತೆಗೆದು ಈ ಸಂಖ್ಯೆಗೆ ಕಳಿಸಿ’ ಎಂದು ಬರೆದಿದ್ದೇವೆ. ಫೋಟೊ ಬಂದ ದಿನವೇ ಸೊಸೆ ಕಪ್ಪು ಹಲಗೆಯ ಮೂಲೆಯಲ್ಲಿ ಅಂಗಡಿಯ ಹೆಸರು ಬರೆಯುತ್ತಾಳೆ, ಸಾಗರದಿಂದ ಶಿವಮೊಗ್ಗಕ್ಕೆ ಬರುವ ಮುಂದಿನ ಬಸ್ಸಿಗೆ ಪೆಟ್ಟಿಗೆ ಹಾಕುತ್ತಾರೆ, ಪೆಟ್ಟಿಗೆ ತಲುಪುವವರೆಗೆ ಮಂಗಳವಾರದ ಸಂದೇಶದಿಂದ ಆ ಅಂಗಡಿಯ ಹೆಸರನ್ನು ತೆಗೆದಿಡುತ್ತೇವೆ. ಒಬ್ಬ ಅಂಗಡಿಯವರು ಫೋಟೊ ತೆಗೆಯುವುದು ತೊಂದರೆ ಎಂದರು. ಅವರಿಗೆ ಚೀಟಿಯಲ್ಲೇ ದೊಡ್ಡದಾಗಿ ಒಂದು ಫೋನ್ ಸಂಖ್ಯೆ ಬರೆದು, ಮಿಸ್ಡ್ ಕಾಲ್ ಕೊಟ್ಟರೆ ಸಾಕು ಎಂದು ಬದಲಿಸಿದ್ದೇವೆ. ದೊಡ್ಡಹಬ್ಬದ ಗಿರಾಕಿಗಳ ನಡುವೆಯೂ ಆ ಮಿಸ್ಡ್ ಕಾಲ್ ತಪ್ಪದೆ ಬರುತ್ತದೆಯೇ ಎಂಬುದನ್ನು ಈ ಸಲ ನೋಡಬೇಕಾಗಿದೆ.